ಕೊನೆಯ ಹನ್ನೊಂದು ಪುಟ

ಜನವರಿ 9, ಗುರುವಾರ

ಇವತ್ತೂ ಉಪ್ಪಿಟ್ಟು ತಳ ಹಿಡಿಯಿತು. ಮಿಲನ್ ತಳದ್ದನ್ನೇ ಕೆರೆದು ತಿಂದ, ರುಚಿ ಅಲ್ಲೇ ಇರುವುದು ಅಂದ. ಮದುವೆಯಾಗಿ ಇಪ್ಪತ್ತೆರಡು ದಿನ. ನನ್ನ ಗಂಡ — ಈ ಪದ ಬರೆಯುವಾಗ ಈಗಲೂ ನಗು — ಬೆಳಿಗ್ಗೆ ತೋಟದಲ್ಲಿ ಕಾಫಿ ಹಣ್ಣಿನ ಪಿಕ್ಕಿಂಗ್ ನೋಡಿಕೊಳ್ಳುತ್ತಾನೆ, ಮಧ್ಯಾಹ್ನ ಫ್ಯಾಂಟಸಿ ಕಾದಂಬರಿ ಬರೆಯುತ್ತಾನೆ. ಗಾಳಿಬೀಡಿನಂಥ ಹಳ್ಳಿಯಲ್ಲಿ ಇಂಥವನು ಒಬ್ಬನೇ ಇರಬೇಕು. ಸಿಕ್ಕಿದ್ದು ನನಗೆ!

ಅವನ ಕಾದಂಬರಿಯ ರಾಜ್ಯದಲ್ಲಿ ಸದಾ ಹಿಮ. ಹಿಮ ನೀನು ನೋಡಿದ್ದು ಫ್ರೀಜರಿನಲ್ಲಿ ತಾನೆ ಅಂತ ರೇಗಿಸಿದೆ. ಅದು ನನ್ನದಲ್ಲ, ಎರವಲು ಅಂದ. ಕಪಾಟಿನಿಂದ ಹಳೆಯ ಇಂಗ್ಲಿಷ್ ಪುಸ್ತಕವೊಂದನ್ನು ತೆಗೆದ.

ಅದೇ ಪುಸ್ತಕ. ನಾನು ಏಳನೇ ಕ್ಲಾಸಿನಲ್ಲಿ ಮೂರು ಸಲ ಓದಿದ್ದು. ಸೂರ್ಯ ಹುಟ್ಟದ ಊರಿನಿಂದ ಒಬ್ಬ ದೀಪಗಾರ ಬೆಳಕು ತರಲು ಉಪ್ಪಿನ ಬೆಟ್ಟ ದಾಟಿ ಹೋಗುವ ಕಥೆ. ಕಾಲೇಜಿನಲ್ಲಿ ಓದಿದ ಎಷ್ಟೋ ಫ್ಯಾಂಟಸಿಗಳಲ್ಲಿ ಈ ದೀಪಗಾರನ ಮಕ್ಕಳು ಮೊಮ್ಮಕ್ಕಳಂಥ ಪಾತ್ರಗಳನ್ನು ಗುರುತು ಹಿಡಿದು ಖುಷಿಪಟ್ಟಿದ್ದೆ. ನನ್ನದೂ ಒಂದು ಪ್ರತಿ ಮದುವೆಯ ಟ್ರಂಕಿನಲ್ಲೇ ಬಂದಿದೆ, ಅವನಿಗೆ ಇನ್ನೂ ತೋರಿಸಿಲ್ಲ.

ಅವನ ಪ್ರತಿಯಲ್ಲಿ ಕೊನೆಯ ಹನ್ನೊಂದು ಪುಟ ಇಲ್ಲ. ಗೆದ್ದಲು ತಿಂದದ್ದಂತೆ. ನಾನು ಬಾಯಿ ತೆರೆಯುವಷ್ಟರಲ್ಲಿ ಕೈ ಅಡ್ಡ ಇಟ್ಟ. "ಹೇಳಬೇಡ ಕವನಾ. ಕೊನೆ ಸಿಗದೆ ನಾನೇ ಒಂದು ಕಟ್ಟಿಕೊಂಡೆ. ನನ್ನ ಬರವಣಿಗೆ ಶುರುವಾದದ್ದೇ ಅಲ್ಲಿಂದ."

ದೊಡ್ಡವನಾದ ಮೇಲೂ ಬೇಕೆಂದೇ ಇನ್ನೊಂದು ಪ್ರತಿ ಕೊಳ್ಳಲಿಲ್ಲವಂತೆ. ಎಂಥ ಹುಚ್ಚ… ನನ್ನ ಹುಚ್ಚ.

ಜನವರಿ 12, ಭಾನುವಾರ

ಅವನ ಹೊಸ ಕಾದಂಬರಿಯ ಪ್ರಿಂಟೌಟ್ ಒಂದೇ ದಿನಕ್ಕೆ ಓದಿ ಮುಗಿಸಿದೆ. ಮಾತಾಡುವ ಹೊಳೆ ಆ ಹಳೆಯ ಪುಸ್ತಕದ್ದು. ಮೊದಲ ಪುಟದ ಮ್ಯಾಪ್ ಕೂಡ. ಆದರೆ ಹೊಳೆ ಮಾತಾಡುವುದು ಥೇಟ್ ನಮ್ಮ ತೋಟದ ಆಳುಗಳ ಲೈನ್ ಮನೆಯ ಚೋಮಿಯ ಹಾಗೆ — ಕೇಳಿದ್ದಕ್ಕೆ ಉತ್ತರವಿಲ್ಲ, ಕೇಳದ್ದೆಲ್ಲ ಹೇಳುತ್ತದೆ. ಕಣಿವೆಯ ಕಾವಲಿಗೆ ಜಿಗಣೆಗಳು! ಆ ಪುಸ್ತಕ ಸಿಗದಿದ್ದರೆ ಈ ಬೆಟ್ಟಗಳನ್ನು ಬರೀ ಬೆಟ್ಟ ಅಂದುಕೊಂಡೇ ಬೆಳೆಯುತ್ತಿದ್ದೆ ಅಂದ. ಮುದ್ದಾಡಿಬಿಟ್ಟೆ.

ಆದರೆ ಸಂಜೆ ಎಡಿಟರ್ ಮೇಲ್. ನಿಮ್ಮ ಲೋಕದಲ್ಲಿ ಹೋದವರೆಲ್ಲ ವಾಪಸ್ ಬರುತ್ತಾರೆ, ಓದುವವರಿಗೆ ಭಯವೇ ಆಗುವುದಿಲ್ಲ. ತಿಂಗಳ ಕೊನೆಯೊಳಗೆ ಮುಕ್ತಾಯ ಬದಲಿಸಿ. ಇಲ್ಲವಾದರೆ ಪುಸ್ತಕ ಹಾಕಲಾಗುವುದಿಲ್ಲ.

ನಾಲ್ಕು ವರ್ಷದ ಕೆಲಸ. ಎರಡು ಗಂಟೆ ಲ್ಯಾಪ್‌ಟಾಪ್ ಮುಂದೆ ಕೂತಿದ್ದ. "ನಾಯಕನನ್ನು ಸಾಯಿಸಲು ಆಗುತ್ತಿಲ್ಲ. ನಾನು ಬೇಡ ಅಂದರೂ ಬಾಗಿಲವರೆಗೆ ಬಂದುಬಿಡುತ್ತಾನೆ."

ಜನವರಿ 13, ಸೋಮವಾರ

ಗೆದ್ದಲು ತಿಂದ ಪುಟ ಎಂದರೆ ತೂತು ಇರಬೇಕಲ್ಲ? ಅವನ ಪ್ರತಿ ತೆಗೆದು ನೋಡಿದೆ. ಬುಡದಲ್ಲಿ ನೇರ ಅಂಚು. ಒಂದೇ ಗೆರೆ. ಅತ್ತೆ ಅಂಗಳದಲ್ಲಿ ಕಾಫಿ ಹರವುತ್ತಿದ್ದರು. ನಗುತ್ತಾ ತೋರಿಸಿದೆ — ಈ ಮನೆಯ ಗೆದ್ದಲು ಸ್ಕೇಲ್ ಇಟ್ಟು ತಿನ್ನುತ್ತಾ ಅತ್ತೆ?

ಅತ್ತೆ ನಗಲಿಲ್ಲ. ಮೆಟ್ಟಿಲ ಮೇಲೆ ಕೂತರು. ಪೂವಮ್ಮ ಟೀಚರ್ ಎಂದರೆ ಈಗಲೂ ಊರವರು ಎದ್ದು ನಿಲ್ಲುತ್ತಾರೆ. ಅಂಥ ಅತ್ತೆ ಪುಸ್ತಕವನ್ನು ಮಡಿಲಲ್ಲಿ ಕವುಚಿ ಇಟ್ಟುಕೊಂಡರು.

ಮಾವನ ಜೀಪು ಮಾಕುಟ್ಟದ ಘಾಟಿಯಲ್ಲಿ ಉರುಳಿದ್ದು ಮಿಲನ್ ಆ ಪುಸ್ತಕ ಓದುತ್ತಿದ್ದ ಮಳೆಗಾಲದಲ್ಲೇ. ಪುಸ್ತಕ ಮಾವನೇ ತಂದುಕೊಟ್ಟದ್ದು. ಅತ್ತೆ ಡಿಕ್ಷನರಿ ಇಟ್ಟುಕೊಂಡು ಮಗನಿಗಿಂತ ಮುಂದೆ ಮುಂದೆ ಓದುತ್ತಿದ್ದರು, ಅವನು ಕೇಳಿದ ಪದಕ್ಕೆ ಅರ್ಥ ಹೇಳಲು. ಹಾಗಾಗಿ ಕೊನೆಯನ್ನು ಮೊದಲು ಕಂಡದ್ದು ಅವರು.

"ಆಗ ಅಂವಂಗೆ ಒಂಬತ್ತು ವರ್ಷ. ಅಪ್ಪನ ಸುಟ್ಟು ಬಂದ ಮೇಲೂ ದಿನಾ ಗೇಟ್ ಹತ್ರ ನಿಲ್ತಿದ್ದ. ಆ ಪುಸ್ತಕದಲ್ಲೂ ಹೋದವ ಬರಲ್ಲ ಅಂತ ಓದಿದ್ರೆ ಎಂತ ಆಗ್ತಿತ್ತು, ನೀನೇ ಹೇಳು." ಬ್ಲೇಡಿನಿಂದ ಕೊಯ್ದು ಬಚ್ಚಲ ಒಲೆಗೆ ಹಾಕಿದರಂತೆ. "ಅಂವಂಗೆ ಗೊತ್ತಿಲ್ಲೆ. ಗೊತ್ತಾಗೋದೂ ಬೇಡ."

ಆಣೆ ಇಟ್ಟೆ. ಯೋಚಿಸದೆ.

ಜನವರಿ 22, ಬುಧವಾರ

ಒಂಬತ್ತು ದಿನ ಡೈರಿ ಮುಟ್ಟಲಿಲ್ಲ. ಬರೆದರೆ ಸುಳ್ಳೂ ಬರೆಯಬೇಕಾಗುತ್ತಿತ್ತು.

ಕಳೆದ ಗುರುವಾರ ಅವನೇ ಕೇಳಿದ. ನಿನ್ನ ಪ್ರತಿ ಕೊಡು, ಆ ಹಳೆಯ ಲೇಖಕ ಹೇಗೆ ಮುಗಿಸಿದ್ದಾನೆ ನೋಡಬೇಕು, ನನಗೆ ದಾರಿ ಕಾಣುತ್ತಿಲ್ಲ ಅಂತ. ತವರಲ್ಲೇ ಬಿಟ್ಟುಬಂದಿದ್ದೇನೆ ಅಂದೆ. ಮದುವೆಯ ಮೊದಲ ಸುಳ್ಳು. ಪುಸ್ತಕ ಧಾರೆ ಸೀರೆಯ ಕೆಳಗಿದೆ, ಸೀರೆ ತೆಗೆಯಲೂ ಹೆದರಿಕೆ.

ಮಿಲನ್ ಸರಿಯಾಗಿ ಊಟ ಮಾಡುತ್ತಿಲ್ಲ. ಉಪ್ಪಿಟ್ಟಿನ ತಳವನ್ನೂ ಕೆರೆಯುತ್ತಿಲ್ಲ. ನಾಳೆ ತಾನೇ ಭಾಗಮಂಡಲಕ್ಕೆ ಹೋಗಿ ನಮ್ಮ ಮನೆಯಿಂದ ತರುತ್ತಾನಂತೆ.

ನನ್ನಪ್ಪನ ಬಳಿ ಕೇಳುತ್ತಾನೆ. ಇಲ್ಲ ಅಂತಾರೆ. ಆಮೇಲೆ?

ಜನವರಿ 23, ಗುರುವಾರ, ಬೆಳಿಗ್ಗೆ 10

ಅವನು ಕಾರು ತೊಳೆಯುತ್ತಿದ್ದಾಗ ಅಡುಗೆಮನೆಯಲ್ಲಿ ಅತ್ತೆಯ ಮುಂದೆ ಪುಸ್ತಕ ಇಟ್ಟೆ. ಇದನ್ನು ಅವನಿಗೆ ನಾನು ಕೊಡಲಾರೆ, ಬಚ್ಚಿಡಲೂ ಆರೆ ಅಂದೆ. ಅತ್ತಿದ್ದು ನಾನೇ. ಬೈಯುತ್ತಾರೆ ಅಂದುಕೊಂಡೆ. ಅತ್ತೆ ಕೈ ತೊಳೆದು, ಸೆರಗಿನಲ್ಲಿ ಒರೆಸಿ, ಕನ್ನಡಕ ಹುಡುಕಿದರು.

"ಕೊಯ್ದದ್ದು ನಾನು. ನಾನೇ ಓದಬೇಕು."

10.50

ಇಬ್ಬರೂ ಹೊರಗೆ ಮೆಟ್ಟಿಲ ಮೇಲೆ. ನಾನು ಕಿಟಕಿಯ ಬಳಿ ಬರೆಯುತ್ತಿದ್ದೇನೆ, ಸುಮ್ಮನಿರಲು ಆಗುತ್ತಿಲ್ಲ. ಗೆದ್ದಲಲ್ಲ ಮಗ, ನಾನು — ಎಂದು ಶುರು ಮಾಡಿ ಎಲ್ಲ ಹೇಳಿದರು. ಪೈಪಿನ ನೀರು ಹರಿಯುತ್ತಲೇ ಇತ್ತು. ಆಮೇಲೆ ಮಿಲನ್ ಎದ್ದು ನಲ್ಲಿ ನಿಲ್ಲಿಸಿ ಬಂದು ಅವ್ವನ ಪಕ್ಕ ಕೂತ. "ಓದವ್ವ" ಅಂದ.

ಅತ್ತೆಯ ಇಂಗ್ಲಿಷ್ — ಒಂದೊಂದು ಪದಕ್ಕೂ ಹಾಜರಿ ಕರೆದ ಹಾಗೆ. ಐದು ಪುಟ. ಆರು. ಊರ ಮಕ್ಕಳು ಕೋಟೆಯ ಬಾಗಿಲಲ್ಲಿ ಕಾಯುವ ಜಾಗ ಬಂದಾಗ ದನಿ ನಿಂತಿತು.

ಈಗ ಮಿಲನ್ ಓದುತ್ತಿದ್ದಾನೆ. ಇಂಗ್ಲಿಷಿನಲ್ಲಲ್ಲ — ಓದುತ್ತಾ ಓದುತ್ತಾ ಮನೆಮಾತಿಗೆ ಮಾಡಿ ಹೇಳುತ್ತಿದ್ದಾನೆ, ಅವ್ವನಿಗೆ. ಬೇಕಿದ್ದರೆ ಬದಲಿಸಬಹುದು. ದೀಪಗಾರನನ್ನು ಬಾಗಿಲವರೆಗೆ ಕರೆತರಬಹುದು, ಯಾರು ಕೇಳುತ್ತಾರೆ. ಹತ್ತನೇ ಪುಟ. ಹನ್ನೊಂದು. ನನಗೆ ಕೊನೆಯ ಸಾಲು ಬಾಯಿಪಾಠ.

ದೀಪಗಾರ ಬರಲಿಲ್ಲ, ಅಂದ.

ಅತ್ತೆ ಅವನ ತಲೆಯ ಮೇಲೆ ಕೈ ಇಟ್ಟಿದ್ದಾರೆ. ಇಬ್ಬರೂ ಗೇಟಿನ ಕಡೆ ನೋಡುತ್ತಿದ್ದಾರೆ. ನಾನೂ ಹೋಗಿ ಅವರ ನಡುವೆ — ಅಲ್ಲ, ಈ ಪಕ್ಕದಲ್ಲಿ ಜಾಗ ಇದೆ, ಸ್ವಲ್ಪ ಸರಿದು ಕೂತರೆ ಮೂವರಿಗೂ…