ಕಡ್ಡಿಯ ಮೇಲಿನ ಎರಡಕ್ಷರ

ಜೂನ್ 3, ಮಂಗಳವಾರ. ಬೆಳಗ್ಗೆ 11

ತಪ್ಪೊಪ್ಪಿಗೆ. ಸ್ವಸ್ಥಚಿತ್ತದಿಂದ, ಯಾರ ಬಲವಂತವೂ ಇಲ್ಲದೆ ಬರೆಯುತ್ತಿದ್ದೇನೆ. ಇಂದು ಹತ್ತೂಕಾಲಿಗೆ, ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಕಿಟಕಿಯಲ್ಲಿದ್ದ ಕುಂಡದಿಂದ ಒಂದು ಎಲೆ ಕದ್ದೆ. ಒಂದೇ ಒಂದು. ಹಲ್ಲು ಕೀಳುವ ಜಾಗದಲ್ಲಿ ಎಲೆ ಕಿತ್ತೆ. ಕೀಳು ಕೆಲಸ, ಎರಡೂ ಅರ್ಥದಲ್ಲಿ.

ಒಳಗೆ ಯಾರೋ ಬಾಯಿ ತೆರೆದು ಆ… ಆ… ಎನ್ನುತ್ತಿದ್ದರು. ಹೊರಗೆ ನಾನು ಬಾಯಿ ಮುಚ್ಚಿಕೊಂಡು ಕೆಲಸ ಮುಗಿಸಿದೆ. ರಿಸೆಪ್ಶನ್ನಿನಾಕೆ ಫೋನಿನಲ್ಲಿದ್ದಳು. ಎಲೆ ಕನ್ನಡಕದ ಡಬ್ಬಿಗೆ, ಕನ್ನಡಕ ಜೇಬಿಗೆ. ನೋವು ನಿಂತುಹೋಯಿತೆಂದು ಹೇಳಿ ಎದ್ದು ಬಂದೆ. ಸುಳ್ಳು. ನೋವು ಹಲ್ಲಿನಲ್ಲಿ ಇರಲೇ ಇಲ್ಲ.

ಜೂನ್ 4, ಬುಧವಾರ

ಕಾರಣ ಬರೆಯಬೇಕು. ಹೆಂಡತಿಯ ಗಿಡ ಸತ್ತಿತು. ನನ್ನ ಉಸ್ತುವಾರಿಯಲ್ಲಿ, ಆರೇ ವಾರಕ್ಕೆ.

ಗಿಡವೆಂದರೆ ಎಲೆಗಳೇ ಗುಲಾಬಿಯಂತೆ ಸುತ್ತಿಕೊಂಡು ಕೂರುವ ಸಕ್ಯುಲೆಂಟ್. ಆರು ವರ್ಷದ ಹಿಂದೆ ಎಕೆವೇರಿಯಾ ಎಂಬ ಜಾತಿಯ ಹೂವಿಗೆ ಗ್ರಾಪ್ಟೊಪೆಟಲಮ್ ಎಂಬ ಇನ್ನೊಂದು ಜಾತಿಯ ಪರಾಗ ಹಚ್ಚಿದಳು, ನನ್ನ ವಾಟರ್‌ಕಲರ್ ಬ್ರಷ್ಷಿನಿಂದ. “ಮದುವೆ ಮಾಡಿಸ್ತಿದೀನಿ ರೀ, ಕೆಮ್ಮಬೇಡಿ,” ಅಂದಿದ್ದಳು. ಧೂಳಿನಂಥ ಬೀಜ. ಸಸಿ ಎದ್ದದ್ದು ನಲವತ್ತು. ಒಂದರಂತೆ ಒಂದಿಲ್ಲ. ಕೆಲವಕ್ಕೆ ತಾಯಿಯ ಚಪ್ಪಟೆ ಎಲೆ, ಕೆಲವಕ್ಕೆ ತಂದೆಯ ಉದ್ದ ಕತ್ತು, ಕೆಲವಕ್ಕಂತೂ ಇಬ್ಬರ ಕೆಟ್ಟ ಗುಣಗಳೂ — ಥೇಟ್ ನಮ್ಮ ಕಾಲೇಜಿನ ಮಕ್ಕಳು. ಒಂದರಲ್ಲಿ ಮಾತ್ರ ತಾಯಿಯ ಬೂದಿನೀಲಿ ಪುಡಿ, ತಂದೆಯ ದಪ್ಪ ಎಲೆ, ಇಬ್ಬರಲ್ಲೂ ಇಲ್ಲದ ಕೆಂಪು ತುದಿ. ಅದನ್ನೇ ಉಳಿಸಿಕೊಂಡಳು. “ಸಂಕರ ಆಯ್ತಲ್ಲ, ಇನ್ನು ಸಂಕಟ,” ಅಂದಿದ್ದೆ. ಆಗ ತಮಾಷೆಗೆ.

ಅದರ ಬೀಜ ಬಿತ್ತಿದರೆ ಅದೇ ಬರುವುದಿಲ್ಲ, ಮತ್ತೆ ಲಾಟರಿ. ಅದೇ ಬೇಕೆಂದರೆ ಅದರದೇ ಎಲೆ, ಇಲ್ಲವೆ ಬುಡದಲ್ಲಿ ಏಳುವ ಮರಿ. ಜಗತ್ತಿನಲ್ಲಿ ಇದ್ದದ್ದು ಎರಡು. ಒಂದು ನಮ್ಮ ಅಡುಗೆಮನೆಯ ಕಿಟಕಿಯಲ್ಲಿ. ಇನ್ನೊಂದನ್ನು ರೂಟ್ ಕೆನಾಲ್ ನೋಯದಂತೆ ಮಾಡಿದ್ದಕ್ಕೆ ಹಲ್ಲಿನ ಡಾಕ್ಟರಿಗೆ ಕೊಟ್ಟಿದ್ದಳು.

ಏಪ್ರಿಲ್ ಹದಿನೆಂಟು — ಸ್ಟ್ರೋಕ್. ಬಲಗೈ ಹೋಯಿತು, ಮಾತು ಹೋಯಿತು. ನಾಲಿಗೆಯ ತುದಿಯಲ್ಲೇ ಇದೆ ಎನ್ನುತ್ತೇವಲ್ಲ. ಅವಳಿಗೆ ಇಡೀ ನಿಘಂಟೇ ಅಲ್ಲಿ ಸಿಕ್ಕಿಕೊಂಡಿದೆ. ಈಗ ರಿಹ್ಯಾಬ್ ಸೆಂಟರಿನಲ್ಲಿದ್ದಾಳೆ. ಜುಲೈ ಇಪ್ಪತ್ತಾರಕ್ಕೆ ಮನೆಗೆ. ಬಂದವಳು ಮೊದಲು ನೋಡುವುದು ನನ್ನ ಮುಖವನ್ನಲ್ಲ, ಆ ಕಿಟಕಿಯನ್ನು.

ಕುಂಡದಲ್ಲಿ ಐಸ್‌ಕ್ರೀಮ್ ಕಡ್ಡಿ ಸಿಕ್ಕಿಸಿದ್ದಳು. ಪೆನ್ಸಿಲ್ಲಿನಲ್ಲಿ ಎರಡಕ್ಷರ, ಒಂದು ಅಂಕಿ. ನೀರಿನ ಸೂಚನೆ. ಅಕ್ಷರಶಃ ಪಾಲಿಸಿದೆ. ಸೋಮ, ಬುಧ, ಶುಕ್ರ. ಒಂದು ದಿನವೂ ತಪ್ಪಿಸಿಲ್ಲ. ಆದರೂ ಎಲೆಗಳು ಗಾಜಿನಂತಾಗಿ, ಬುಡ ಕಪ್ಪಾಗಿ, ಮುಟ್ಟಿದರೆ ಉದುರತೊಡಗಿದವು. ಬುಡಕ್ಕಂಟಿಕೊಂಡಿದ್ದ ಅಂಗಿಗುಂಡಿಯಷ್ಟು ಮರಿಗಳೂ ಲೋಳೆಯಾದವು. ಮಣ್ಣೇ ಸರಿಯಿಲ್ಲ, ಇನ್ನೇನು. ಅವಳು ಬರೆದದ್ದನ್ನು ತಪ್ಪಾಗಿ ಓದಿದೆನೇ ಎಂಬ ಪ್ರಶ್ನೆಯೇ ಇಲ್ಲ. ಮೂವತ್ತೊಂದು ವರ್ಷ ಭಾಷೆಯ ಉತ್ತರಪತ್ರಿಕೆ ತಿದ್ದಿದವನು ನಾನು. ಯಾರ ಕೈಬರಹವನ್ನಾದರೂ ಓದುವುದು ನನಗೆ ನೀರು ಕುಡಿದಷ್ಟು ಸುಲಭ.

ಜೂನ್ 9, ಸೋಮವಾರ. ಸಂಜೆ 5

ಇಂದು ಅವಳಿಗೆ ಎರಡನೆಯ ಮಾತು ಬಂತು. ಮೊದಲನೆಯದು ಮೇ ತಿಂಗಳಿನಲ್ಲೇ ಬಂದಿತ್ತು — “ರೀ”. ಗಂಡಸಿಗೆ ಅಷ್ಟು ಸಾಕಿತ್ತು.

ಎರಡನೆಯದು “ಕುಡಿ”.

ಸ್ಪೀಚ್ ಥೆರಪಿಸ್ಟ್ — ನಾನು ಮಾತಿನ ಮೇಡಂ ಎನ್ನುತ್ತೇನೆ — ಚಪ್ಪಾಳೆ ತಟ್ಟಿದರು. ನಾನು ಲೋಟ ಹಿಡಿದೆ. ಕುಡಿದಳು. ಮತ್ತೆ “ಕುಡಿ”. ಎಡಗೈಯ ಮೂರು ಬೆರಳು ಎತ್ತಿ ತೋರಿಸಿದಳು. ಮೂರು ಲೋಟವೇ? ಒಂಟೆಯನ್ನು ಕಟ್ಟಿಕೊಂಡೆನಲ್ಲ ಎಂದು ಮೇಡಂಗೆ ಹೇಳಿದೆ. ಮೇಡಂ ನಕ್ಕರು. ಇವಳು ನಗಲಿಲ್ಲ. ಎರಡನೆಯ ಲೋಟವನ್ನು ತಳ್ಳಿದಳು, ಹೊದಿಕೆಯೆಲ್ಲ ನೀರು. ಹೀಗೆ ಸಿಟ್ಟು ಬರುವುದು ಸಹಜ, ಬೇಕಾದ ಮಾತು ಬಾರದೆ ಪಕ್ಕದ ಮಾತು ಬಂದುಬಿಡುತ್ತದೆ ಎಂದರು ಮೇಡಂ. ಸಮಾಧಾನವಾಯಿತು. ಆಗಬಾರದಿತ್ತೇನೋ.

ಜೂನ್ 24, ಮಂಗಳವಾರ

ಎಲೆ ಬೇರು ಬಿಟ್ಟಿದೆ! ಗುಲಾಬಿ ಬಣ್ಣದ ಐದು ಎಳೆ, ಒಣಮಣ್ಣನ್ನು ತಡಕುತ್ತಿವೆ. ಕದ್ದ ಮಾಲು, ಆದರೂ ಕೃಷಿ ನನ್ನದು. ಗಿಡ ಸಾಕುವುದು ಬೇರೆಯವರ ಕೆಲಸ ಎನ್ನುತ್ತಿದ್ದೆ. ಈಗ ಬೇರಿನವನೇ ಆದೆ. ಇನ್ನೆರಡು ವಾರಕ್ಕೆ ಬುಡದಲ್ಲಿ ಸಾಸಿವೆಯಷ್ಟು ಮರಿ ಕಾಣಬೇಕು ಎನ್ನುತ್ತಾನೆ ಯೂಟ್ಯೂಬಿನವನು.

ಜುಲೈ 2, ಬುಧವಾರ. ಮಧ್ಯಾಹ್ನ 3

ಸೆಂಟರಿನಿಂದ ಈಗ ಬಂದೆ. ಮನೆಯ ಪರಿಚಯದ ವಸ್ತು ಏನಾದರೂ ತನ್ನಿ, ಅವರು ಸಾಕಿದ ಗಿಡವಾದರೂ ಆದೀತು ಎಂದರು ಮಾತಿನ ಮೇಡಂ. ಗಿಡ ಎಂಬ ಶಬ್ದ ಕಿವಿಗೆ ಬಿದ್ದದ್ದೇ ಇವಳು ನನ್ನ ತೋಳು ಹಿಡಿದಳು, ಆ ಎಡಗೈಯಲ್ಲಿ ಅಷ್ಟು ಬಲವಿದೆಯೆಂದು ನನಗೆ ಗೊತ್ತಿರಲಿಲ್ಲ. “ರೀ… ಕುಡಿ.” ಮೂರು ಬೆರಳು.

ಗಿಡ ಚೆನ್ನಾಗಿದೆ, ಬಸ್ಸಿನ ಕುಲುಕಾಟ ಅದಕ್ಕಾಗದು ಎಂದೆ. ಲೋಟ ಹಿಡಿದೆ. ಗೋಡೆಯ ಕಡೆ ತಿರುಗಿದಳು. ಅತ್ತಳೋ ಏನೋ… ಬೆನ್ನು ನೋಡಿದರೆ ಗೊತ್ತಾಗುವುದಿಲ್ಲ. ಲೋಟದ ನೀರನ್ನು ನಾನೇ ಕುಡಿದೆ.

ಜುಲೈ 21, ಸೋಮವಾರ. ಮಧ್ಯಾಹ್ನ 12

ಹತ್ತೊಂಬತ್ತು ದಿನ ಬರೆಯಲಿಲ್ಲ. ಬರೆಯುವುದೇನಿತ್ತು? ಬೇರು ಇದೆ, ಬೇರೆ ಏನೂ ಇಲ್ಲ. ಮರಿಯ ಸುಳಿವಿಲ್ಲ.

ಇಂದು ನಿಜವಾಗಿಯೂ ಹಲ್ಲುನೋವು. ದೇವರಿಗೆ ಹಾಸ್ಯಪ್ರಜ್ಞೆ ಇದೆ. ಕುರ್ಚಿಯಲ್ಲಿ ಮಲಗಿಸಿ, ಬಾಯಿಗೆ ಹತ್ತಿ ತುರುಕಿ, ನಾನು ಉತ್ತರ ಕೊಡಲಾಗದ ಸ್ಥಿತಿಗೆ ತಂದಮೇಲೆ ಡಾಕ್ಟರು ಶುರುಮಾಡಿದರು.

“ಮೇಷ್ಟ್ರೇ, ಆ ಗಿಡದ ಎಲೆ ಮೇಲೆ ಬೆರಳಚ್ಚಿದೆ. ಆ ಪುಡಿ ಒಂದ್ಸಲ ಅಳಿಸಿದ್ರೆ ಮತ್ತೆ ಬರಲ್ಲ, ಗೊತ್ತಲ್ವಾ? ಅವತ್ತು ನೋವು ನಿಲ್ತು ಅಂತ ಎದ್ದು ಹೋದೋರು ನೀವೊಬ್ರೇ.”

ಆ… ಆ… ಎಂದೆ.

“ಕೇಳಿದ್ರೆ ಕೊಡ್ತಿರ್ಲಿಲ್ವಾ? ಕಿತ್ತಿದ್ದೂ ಸರಿಯಾಗಿಲ್ಲ. ಬುಡ ಕಾಂಡದಲ್ಲೇ ಉಳ್ಸಿದೀರ. ನಾನು ಹೀಗೆ ಹಲ್ಲು ಮುರಿದ್ರೆ ಬೋರ್ಡ್ ಇಳಿಸ್ಬೇಕಾಗುತ್ತೆ.”

ಎಲೆಯ ಬುಡದ ಆ ಚೂರಿನಲ್ಲೇ ಮೊಗ್ಗಿನ ಅಂಶ ಇರುವುದಂತೆ. ಅದಿಲ್ಲದ ಎಲೆ ಬೇರು ಬಿಡುತ್ತದೆ, ಹಸಿರಾಗಿರುತ್ತದೆ, ವರ್ಷಗಟ್ಟಲೆ ಬದುಕುತ್ತದೆ. ಗಿಡವಾಗುವುದಿಲ್ಲ. ನಾಲ್ಕು ವಾರ ನಾನು ಮೆರೆದದ್ದು ಅಂಥದ್ದರ ಮೇಲೆ.

ಹತ್ತಿ ತೆಗೆದ ಮೇಲೆ ಎಲ್ಲ ಹೇಳಿದೆ. ತಾಯಿಗಿಡ ಸತ್ತದ್ದು, ಮಣ್ಣಿನ ದೋಷ, ಶನಿವಾರ ಅವಳು ಬರುವುದು. ಡಾಕ್ಟರು ನಗಲಿಲ್ಲ. ತಮ್ಮ ಕುಂಡದಿಂದ ಒಂದು ಮರಿಯನ್ನು ಹಲ್ಲಿನ ಸಲಕರಣೆಯಿಂದಲೇ ನಾಜೂಕಾಗಿ ಬಿಡಿಸಿ, ಹತ್ತಿಯಲ್ಲಿಟ್ಟು ಕೊಟ್ಟರು. ಗಿಡದ ಜೊತೆ ಅವಳು ಬರೆದುಕೊಟ್ಟಿದ್ದ ಚೀಟಿಯನ್ನೂ ಡ್ರಾಯರಿನಿಂದ ತೆಗೆದರು. ಇದರಲ್ಲಿರೋ ಹಾಗೆ ಸಾಕಿ ಎಂದರು. ಜೇಬಿಗಿಟ್ಟುಕೊಂಡೆ. ಓದುವುದೇನಿದೆ, ಅವಳ ಅಕ್ಷರ ನನಗೆ ಹೊಸದೇ?

ಜುಲೈ 26, ಶನಿವಾರ. ಬೆಳಗ್ಗೆ 8

ಒಂಬತ್ತಕ್ಕೆ ಟ್ಯಾಕ್ಸಿ. ಮರಿಯನ್ನು ಅವಳ ಕುಂಡದಲ್ಲಿ, ಹೊಸ ಮಣ್ಣಿನಲ್ಲಿ ಕೂರಿಸಿದ್ದೇನೆ. ಕೆಂಪು ತುದಿ, ಬೂದಿನೀಲಿ ಪುಡಿ, ಎಲ್ಲ ಅದೇ. ಅಳತೆಯೊಂದು ಬಿಟ್ಟು. ಹಳೆಯ ಕಡ್ಡಿಯನ್ನೂ ಸಿಕ್ಕಿಸಿದೆ. ಆಮೇಲೆ, ನೀರು ಈಗಲೇ ಹಾಕಬೇಕೋ ಎಂದು ಅನುಮಾನ ಬಂದು ಡಾಕ್ಟರು ಕೊಟ್ಟ ಚೀಟಿ ಬಿಡಿಸಿದೆ.

“ನೀರು ತಿಂಗಳಿಗೆ ಎರಡೇ ಸಲ. ಕುಡಿ ಎದ್ದರೆ ತಾಯಿಯಿಂದ ಬಿಡಿಸಿ ಬೇರೆ ನೆಡಿ. ಎಷ್ಟು ಕುಡಿ ಎಂದು ಕಡ್ಡಿಯ ಮೇಲೆ ಬರೆದಿಡಿ, ಮರೆಯುವುದಿಲ್ಲ.”

ಕುಡಿ. ನಾನು ಮರಿ ಎನ್ನುವುದನ್ನು ಅವಳು ಕುಡಿ ಎನ್ನುತ್ತಾಳೆ.

ಕುಂಡದ ಹತ್ತಿರ ನಿಂತು ಕಡ್ಡಿಯನ್ನು ಮತ್ತೆ ಓದಿದೆ. ಕನ್ನಡಕ ಹಾಕಿಕೊಂಡು, ತೆಗೆದು, ಮತ್ತೆ ಹಾಕಿಕೊಂಡು. ಮಣ್ಣಿನಲ್ಲಿ ಏನೂ ದೋಷವಿರಲಿಲ್ಲ. ಅವಳಿಗೆ ಹೇಳಬೇಕಾದ್ದನ್ನು ಇಲ್ಲಿ ಒಮ್ಮೆ ಅಭ್ಯಾಸ ಮಾಡುತ್ತೇನೆ, ಟ್ಯಾಕ್ಸಿಯಲ್ಲಿ ನಾಲಿಗೆ ಏಳಲಾರದು —

ನೋಡೇ, ಕಡ್ಡಿಯ ಮೇಲೆ ನೀನು ಬರೆದದ್ದು “ಕುಡಿ 3”. ಮೂವತ್ತೊಂದು ವರ್ಷ ಭಾಷೆ ಕಲಿಸಿದ ನಿನ್ನ ಗಂಡ ಅದನ್ನು ಓದಿ ವಾರಕ್ಕೆ ಮೂರು ಸಲ ಕುಡಿಸಿದ. ಆ ಮೂರೂ ಹೋದವು, ತಾಯಿಯ ಜೊತೆಗೇ. ನೀನು ಅಲ್ಲಿ ಮಲಗಿಕೊಂಡು, ಇದ್ದ ಎರಡೇ ಮಾತಿನಲ್ಲಿ ಒಂದನ್ನು ಅವಕ್ಕಾಗಿ ಖರ್ಚು ಮಾಡಿ, ಬೆರಳೆತ್ತಿ ಕೇಳಿದಾಗಲೆಲ್ಲ ನಾನು ನಿನ್ನ ಬಾಯಿಗೆ ಲೋಟ…