ಇಸ್ತೀರ್ ಚಿಕ್ಕಮ್ಮನ ಹೆಬ್ಬೆಟ್ಟು

ಹೆಲಿಯೊಪೊಲಿಸ್, ಕೈರೋ
ಡಿಸೆಂಬರ್ ೧೯

ನನ್ನನ್ನು ಸಾಕಿದ ಇಸ್ತೀರ್ ಚಿಕ್ಕಮ್ಮನಿಗೆ ದಿಮ್ಯಾನಾಳ ವಂದನೆಗಳು.

ಹೇಗಿದ್ದೀಯ ಎಂದು ಕೇಳುವ ಮುಖ ನನಗಿಲ್ಲ. ಹೋದ ಭಾನುವಾರ ನಿನ್ನನ್ನು ನೋಡಿದ್ದೇನೆ. ನೀನೂ ನನ್ನನ್ನು ನೋಡಿದ್ದೀಯ.

ಕ್ರಿಸ್ಮಸ್ಸಿಗೆ ಮುಂಚೆ ಕಂಬಳಿ ಹಂಚಲು ನಮ್ಮ ಚರ್ಚಿನ ಹೆಂಗಸರು ಈ ವರ್ಷ ಮುಕತ್ತಮ್ ಗುಡ್ಡದ ನಮ್ಮ ಕಸ ಆಯುವವರ ಕೇರಿಯನ್ನೇ ಆರಿಸಿದರು. ಆಗಲೇ ಜ್ವರವೆಂದು ಮಲಗಿಬಿಡಬಹುದಿತ್ತು. ಆದರೆ ಈ ಸೇವೆಗೆ ನನ್ನ ಅತ್ತೆಯೇ ಮುಖ್ಯಸ್ಥೆ. ಹೆಸರು ಬರೆಯಲು ದುಂಡಗಿನ ಅಕ್ಷರದ ಸೊಸೆಯೇ ಬೇಕೆಂದರು. ಚಿಕ್ಕಮ್ಮ ಯಾರ ಮುಂದೆಯೂ ಕೈಚಾಚಿದವಳಲ್ಲ, ಸಾಲಿಗೆ ಬರಲಾರಳು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ನೀನು ಬಂದೆ. ನನ್ನ ಮೇಜಿನ ಮುಂದೆ ನಿಂತು, ನಗಲು ತುಟಿ ತೆರೆದೆ. ನಾನು ತಲೆ ತಗ್ಗಿಸಿ ನಿನ್ನ ಹೆಸರು ಕೇಳಿದೆ.

ಅತ್ತೆ ಅದನ್ನು ಗಮನಿಸಿದರು. “ಈಕೆ ನಿನ್ನನ್ನೇ ನೋಡ್ತಿದ್ದಾಳಲ್ಲ. ಗುರುತಿನವಳಾ?”

“ಇಲ್ಲ ಅತ್ತೆ. ಇವತ್ತೇ ಮೊದಲು ನೋಡ್ತಿರೋದು.”

ನಿನ್ನ ಮುಖದ ಮೇಲಿದ್ದ ನಗು ಆರಿತು. ಆಮೇಲೆ ನೀನೇ ನನ್ನನ್ನು ಉಳಿಸಿದೆ. “ತಪ್ಪಾಯ್ತಮ್ಮ, ಕಣ್ಣು ಮಂಜು. ನಮ್ಮ ಹುಡುಗಿ ಒಬ್ಬಳಿದ್ದಳು, ಅವಳ ಥರ ಕಂಡ್ರಿ.” ಹಿಂದೆ ನಿಂತಿದ್ದ ಎದುರು ಮನೆಯ ಉಮ್ ಗಾಲಿ ಬಿಡಲಿಲ್ಲ: “ನೆಂಟರು ದೊಡ್ಡೋರಾದ್ರೆ ಎಲ್ಲರಿಗೂ ಕಣ್ಣು ಮಂಜಾಗುತ್ತೆ ಬಿಡು ಇಸ್ತೀರ್.” ನೀನು ತಿರುಗಿ ಅವಳನ್ನೇ ಗದರಿದೆ.

ಗಾಜು ಕೊಯ್ದು ತುದಿ ಮೊಂಡಾದ ನಿನ್ನ ಹೆಬ್ಬೆರಳನ್ನು ನಾನೇ ಹಿಡಿದು ಶಾಯಿಗೆ ಒತ್ತಿದೆ. ಪಟ್ಟಿಯಲ್ಲಿ ನಿನ್ನ ಹೆಸರಿನ ಮುಂದೆ ಗುರುತು ಮೂಡಿಸಿದೆ. ಮುಂದಿನವರನ್ನು ಕರೆದೆ.

ಅಮ್ಮ ಸತ್ತ ಮೇಲೆ ನೀನು, ಕಸದ ವಾಸನೆಯೆಂದು ಯಾರೂ ಅನ್ನದಿರಲಿ ಅಂತ ದಿನವೂ ವಿನೆಗರ್ ಹಾಕಿ ನನ್ನ ತಲೆ ತೊಳೆದು ಕನ್ಯಾಸ್ತ್ರೀಯರ ಶಾಲೆಯವರೆಗೆ ನಡೆಸಿಕೊಂಡು ಹೋಗುತ್ತಿದ್ದೆ. ಮದುವೆಯ ಮಾತುಕತೆಯಲ್ಲಿ ನಾನು, ನನಗೆ ಅಪ್ಪ ಅಮ್ಮ ಇಲ್ಲ ಎಂದೆ. ಅದು ನಿಜವೇ. ನಿನ್ನ ವಿಷಯ ಎತ್ತಲಿಲ್ಲ. ಅಂದು ಮುಚ್ಚಿಟ್ಟೆ, ಭಾನುವಾರ ಬಾಯಿಬಿಟ್ಟು ಸುಳ್ಳಾಡಿದೆ.

ಹಿಂತಿರುಗುವಾಗ ಕಾರಿನಲ್ಲಿ ಅತ್ತೆ, ಆ ಮುದುಕಿ ಎಷ್ಟು ಮರ್ಯಾದಸ್ಥೆ ಎಂದು ನಿನ್ನನ್ನು ಹೊಗಳಿದರು. ನಾನು ಹೌದೆಂದೆ.

ಮರುದಿನ ನಾನೊಬ್ಬಳೇ ನಿನ್ನ ಓಣಿಯ ತಿರುವಿನವರೆಗೆ ಬಂದಿದ್ದೆ. ನೀನು ಬಾಗಿಲಲ್ಲಿ ಕೂತು ಪ್ಲಾಸ್ಟಿಕ್ ವಿಂಗಡಿಸುತ್ತಿದ್ದೆ. ಎದುರು ಮನೆಯಲ್ಲಿ ಉಮ್ ಗಾಲಿಯ ಮೊಮ್ಮಕ್ಕಳು ನಿನ್ನ ಕಂಬಳಿ ಹೊದ್ದಿದ್ದರು. ನಾನು ತಿರುವಿನಿಂದಲೇ ಹಿಂದಿರುಗಿದೆ. ಕೇರಿಯ ಪಾದ್ರಿ ಮೂಸಾ ಸಿಕ್ಕಿ ಹೇಳಿದರು: ನೀನು ಕಂಬಳಿಗಾಗಿ ಬಂದವಳೇ ಅಲ್ಲ. ನಾನು ಬಂದಿದ್ದೇನೆಂದು ಕೇಳಿ ನೋಡಲು ಓಡಿಬಂದೆಯಂತೆ. ಸಾಲಿನಲ್ಲಿ ನಿಲ್ಲದೆ ಯಾರನ್ನೂ ಒಳಗೆ ಬಿಡಲಿಲ್ಲವಂತೆ.

ಕ್ಷಮಿಸು ಎಂದು ಬರೆಯಲಾರೆ. ನೀನು ಆಗಲೇ ಕ್ಷಮಿಸಿರುತ್ತೀಯ, ಅದೇ ನನ್ನನ್ನು ಸುಡುತ್ತಿದೆ. ಶುಕ್ರವಾರ ಬರುತ್ತೇನೆ. ಬಾಗಿಲು ತೆರೆಯದಿದ್ದರೆ ಹೊರಗೇ ಕೂರುತ್ತೇನೆ.

ನಿನ್ನ ಹುಡುಗಿ,
ದಿಮ್ಯಾನಾ

ಮರೆತ ಮಾತು: ಪಾದ್ರಿ ಮೂಸಾ ಅವರೇ, ಚಿಕ್ಕಮ್ಮನಿಗೆ ಓದಲು ಬಾರದು. ದಯವಿಟ್ಟು ಇದನ್ನು ಅವಳೊಬ್ಬಳಿಗೇ ಅಲ್ಲ, ಅಂದು ಸಾಲಿನಲ್ಲಿದ್ದವರೆಲ್ಲ ಕೇಳುವಂತೆ ಗಟ್ಟಿಯಾಗಿ ಓದಿ. ಪತ್ರ ತಂದ ನಮ್ಮ ಡ್ರೈವರ್ ಅಯ್ಯಾದನನ್ನೂ ನಿಲ್ಲಿಸಿಕೊಳ್ಳಿ. ಅವನ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಅತ್ತೆಯನ್ನು ಮುಟ್ಟುತ್ತದೆ. ನನ್ನ ಬಾಯಿಂದಲೇ ಹೇಳುವ ಧೈರ್ಯ ಇನ್ನೂ ಬಂದಿಲ್ಲ.