ಹೊಲಿಗೆ ಚೆನ್ನಾಗಿದೆ

ಮಾರ್ಚ್ ೧೧, ಮಂಗಳವಾರ

…ಹೊಲಿಗೆಗಿಂತ ಹೊಟ್ಟೆಗೆ ಹೋಗುವುದರ ಕಡೆ ಗಮನವಿರಲಿ ಎಂದೇನೋ ಮೊಲದ ಡಾಕ್ಟರ್ ಹೇಳಿದ್ದರು. ನಾನು ಹೊಲಿಗೆಯನ್ನೇ ನೋಡಿದೆ. ಮಗಳು ಮಾರೆನ್‌ಳ ಮೊಲ ಟ್ಯಾನ್ಸಿ ನಿನ್ನೆ ಗರ್ಭಕೋಶ ತೆಗೆಸಿಕೊಂಡು ಬಂದಿದೆ; ಅದು ಗಾಯ ನೆಕ್ಕದಿರಲೆಂದು, ನಾಯಿಯ ಹಳೆಯ ಪ್ಲಾಸ್ಟಿಕ್ ಆಲಿಕೆಯನ್ನು ಅದರ ಕೊರಳಿಗೆ ಕಟ್ಟಿದೆ. ಟ್ಯಾನ್ಸಿ ಇಡೀ ದಿನ ಒಣಹುಲ್ಲು ಮುಟ್ಟಲಿಲ್ಲ. ಒಂದು ಹಿಕ್ಕೆಯೂ ಇಲ್ಲ.

ಸಂಜೆ ಪಕ್ಕದ ಮನೆಯ ಡೋರಿಸ್ ಬಂದರು.

"ಇದನ್ನೂ ನಾಯಿ ಅಂದ್ಕೊಂಡ್ಯೇನೋ, ಕರ್ಟ್? ಮೊಲ ತನ್ನ ಮೆತ್ತನೆ ಹಿಕ್ಕೇನ ತಾನೇ ತಿನ್ಬೇಕು. ಬಾಯಿಗೆ ಬೇಲಿ ಹಾಕಿದೀಯಲ್ಲ, ಮಾರಾಯ!"

ಆಲಿಕೆ ಬಿಚ್ಚಿ, ಸ್ವೆಟರಿನ ತೋಳೊಂದನ್ನು ಕತ್ತರಿಸಿ ಹೊಟ್ಟೆಗೆ ತೊಡಿಸಿದರು. ಒಂಬತ್ತಕ್ಕೆ ಒಂದೆಸಳು ಕೊತ್ತಂಬರಿ ತಿಂದಿತು. ಅಷ್ಟೇ.

ಬೆಳಿಗ್ಗೆ ನಿನ್ನ ಅಮ್ಮನ ಮನೆಯಿಂದ ನೀನು "ತಿಂತಾ, ಅಪ್ಪ?" ಎಂದು ಮೆಸೇಜಿನಲ್ಲಿ ಕೇಳಿದ್ದೆ. "ಹೊಲಿಗೆ ಚೆನ್ನಾಗಿದೆ" ಎಂದು ಬರೆದೆ. ನೀನು ಕೇಳಿದ್ದಕ್ಕೆ ಅದು ಉತ್ತರವಲ್ಲವೆಂದು ನಿನಗೆ ಆಗಲೇ ತಿಳಿದಿತ್ತೆ, ಮಾರೆನ್?